ಬಚ್ಚಲ ನಲ್ಲಿ ಮತ್ತು ಅಳಿಯನ ಕಣ್ಣು

ನನ್ನ ಮಾವ ಶೇಷಗಿರಿಯಪ್ಪನವರು ನನ್ನನ್ನು ಮನೆಯಿಂದ ಆಚೆ ಕಳಿಸುತ್ತಿದ್ದ ರೀತಿ ತುಂಬ ಗೌರವದ್ದಾಗಿತ್ತು. "ಅಳಿಯಂದ್ರು ಹಾಗೇ ಒಂದು ಸುತ್ತು ಹೋಗಿ ಬರಬಹುದು, ಬೆಳಗಿನ ಗಾಳಿ ಚೆನ್ನಾಗಿದೆ" ಎಂದು ಅವರು ಜಗುಲಿಯ ಕಂಬಕ್ಕೆ ಹೇಳುತ್ತಿದ್ದರು. ಕಂಬದ ಪಕ್ಕ ಪೇಪರು ಓದುತ್ತ ಕೂತಿರುತ್ತಿದ್ದ ನಾನು ಎದ್ದು ಚಪ್ಪಲಿ ಮೆಟ್ಟುತ್ತಿದ್ದೆ. ಮಳೆ ಬರುತ್ತಿದ್ದರೆ ಕೊಡೆಯನ್ನು ಅವರೇ ತಂದು, ಬಿಚ್ಚಿ, ಕೈಗೆ ಕೊಡುತ್ತಿದ್ದರು. ನಾನು ಬೀದಿಯ ತಿರುವು ದಾಟಿದ್ದು ಖಚಿತವಾದ ಮೇಲೆ ಒಳಕ್ಕೆ ಕೂಗಿ ಹೇಳುತ್ತಿದ್ದರು. ಆಗ ನನ್ನ ಅತ್ತೆ ಪಂಕಜಮ್ಮ ಬಚ್ಚಲಿನ ನಲ್ಲಿ ತಿರುಗಿಸುತ್ತಿದ್ದರು.

ಆ ಊರಿನಲ್ಲಿ ನಲ್ಲಿಯಿಂದ ಬೀಳುವ ನೀರನ್ನು ಯಾರೂ ನೋಡುವುದಿಲ್ಲ. ನೋಡಿದರೆ ನಿಂತುಬಿಡುತ್ತದೆ. ಮಳೆಯನ್ನು ನೋಡಬಹುದು, ಹೊಳೆಯನ್ನು ನೋಡಬಹುದು, ಕೊಡದೊಳಗೆ ಬಿದ್ದ ಮೇಲೆ ಅದೇ ನೀರನ್ನು ಬಗ್ಗಿ ನೋಡಿ ತಲೆ ಬಾಚಿಕೊಳ್ಳಬಹುದು. ನಲ್ಲಿಯ ಬಾಯಿ ಬಿಟ್ಟು ಕೊಡದ ಬಾಯಿ ಸೇರುವವರೆಗೆ ಮಾತ್ರ ನೋಡಬಾರದು. ಬೀದಿ ನಲ್ಲಿಯಲ್ಲಿ ಹೆಂಗಸರು ನಲ್ಲಿಗೆ ಬೆನ್ನು ಮಾಡಿ ಸುತ್ತ ನಿಲ್ಲುತ್ತಾರೆ. ಎಲ್ಲರ ಮುಖವೂ ಬೀದಿಯ ಕಡೆಗೇ ಇರುವುದರಿಂದ ಅವರ ಕಣ್ಣು ತಪ್ಪಿಸಿ ಆ ಊರಿನಲ್ಲಿ ಯಾರೂ ಎಲ್ಲಿಗೂ ಹೋಗಿ ಬರುವಂತಿಲ್ಲ. ಹೋಟೆಲಿನಲ್ಲಿ ಊಟ ಮುಗಿಸಿದ ಗಂಡಸರು ಕೈ ತೊಳೆಯುವ ಕಡೆ ಸಾಲಾಗಿ ನಿಂತು ಸೂರು ನೋಡುತ್ತಾರೆ. ಕೂಸುಗಳ ಮುಖವನ್ನು ತಾಯಂದಿರು ಸೆರಗಿನೊಳಕ್ಕೆ ಒತ್ತಿಕೊಳ್ಳುತ್ತಾರೆ. ಕೊಡ ತುಂಬಿದ್ದು ಕಿವಿಗೆ ತಿಳಿಯುತ್ತದೆ. ನೀರು ಏರಿದಂತೆ ಒಳಗಿನ ಗಾಳಿಯ ಕಂಬ ಗಿಡ್ಡವಾಗಿ ಸ್ವರ ಏರುತ್ತದೆಂದು ನಾನು ಕಾಲೇಜಿನಲ್ಲಿ ಗಾಜಿನ ಕೊಳವೆ ಹಿಡಿದುಕೊಂಡು ಪಾಠ ಮಾಡಿದ ದಿನ, ಹುಡುಗಿಯರೆಲ್ಲ ಇದನ್ನೂ ಹೇಳಿಕೊಡಬೇಕೆ ಎಂಬ ಹಾಗೆ ಮುಖ ಮಾಡಿದ್ದರು. ಹಿತ್ತಾಳೆ ಕೊಡ ಚೆನ್ನಾಗಿ ಹಾಡುತ್ತದೆ, ಸ್ಟೀಲು ಪರವಾಗಿಲ್ಲ, ಪ್ಲಾಸ್ಟಿಕ್ ಬಕೆಟ್ಟನ್ನು ಮಾತ್ರ ಯಾರೂ ಕೊಳ್ಳುವುದಿಲ್ಲ. ಅದು ತುಂಬಿದರೂ ಬಾಯಿ ಬಿಡುವುದಿಲ್ಲವೆಂದು ಅವರ ದೂರು.

ನಾನು ಹುಟ್ಟಿ ಬೆಳೆದದ್ದು ನೋಡಿಕೊಂಡೇ ನೀರು ಹಿಡಿಯುವ ಊರಿನಲ್ಲಿ. ಮದುವೆಯಾದ ಹೊಸತರಲ್ಲಿ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ ನನ್ನ ಹೆಂಡತಿ ಕುಮುದ ಬಕೆಟ್ಟಿಗೆ ಬೆನ್ನು ಮಾಡಿ, ತಲೆ ಓರೆ ಮಾಡಿ ನಿಲ್ಲುತ್ತಿದ್ದಳು. ಅವಳನ್ನು ಹಾಗೆ ನೋಡುವುದು ನನಗೆ ಇಷ್ಟವಾಗುತ್ತಿತ್ತು, ಕಾರಣ ಕೇಳಿರಲಿಲ್ಲ. ಅವಳು ಬಸುರಿಯಾದಾಗ ಬಾಣಂತನಕ್ಕೆ ಅವಳ ತೌರಿಗೇ ಹೋಗುವುದೆಂದಾಯಿತು. ಅದೇ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರ ಜಾಗ ಖಾಲಿಯಿತ್ತು. ಮಗು ಹುಟ್ಟುವಾಗ ದೂರದಲ್ಲಿರುವುದು ನನಗೆ ಬೇಕಿರಲಿಲ್ಲ. ವರ್ಗ ಮಾಡಿಸಿಕೊಂಡು ನಾನೂ ಬಂದೆ.

ಅಳಿಯ ಬರುತ್ತಾನೆಂದು ತಿಳಿದ ಕೂಡಲೇ ಮಾವ ಒಂದು ಮುಂಜಾಗ್ರತೆ ಮಾಡಿದ್ದರು. ಹಿತ್ತಿಲ ಪಡಸಾಲೆಯಲ್ಲಿ ಬಯಲಿಗೇ ಇದ್ದ ಬಚ್ಚಲ ನಲ್ಲಿಯ ಮುಂದೆ ಹೊಸದಾಗಿ ಗೋಡೆ ಎಬ್ಬಿಸಿ, ಬಾಗಿಲಿಟ್ಟು, ನಲ್ಲಿಯನ್ನು ಒಳಗಿನ ಮೂಲೆಗೆ ತಳ್ಳಿದ್ದರು. ಹೊರಗಿನವನು, ಅಭ್ಯಾಸ ಸಾಲದು, ಮರೆತು ಕಣ್ಣು ಹಾಯಿಸಿದರೂ ಕಾಣಬಾರದು. ನಾನು ಬಂದ ದಿನ ಅದನ್ನು ನನಗೆ ಹೆಮ್ಮೆಯಿಂದ ತೋರಿಸಿದರು. "ನಿಮಗೆ ಕಷ್ಟ ಆಗ್ಬಾರ್ದು ಅಂತ" ಅಂದರು.

ಕಷ್ಟ ಶುರುವಾದದ್ದು ಅದೇ ವಾರ. ನಲ್ಲಿ ತಿರುಗಿಸಿದರೆ ಸ್ವಲ್ಪ ಹೊತ್ತು ನೀರು ಚೆನ್ನಾಗಿ ಬರುತ್ತಿತ್ತು. ಆಮೇಲೆ ಗೋಡೆಯೊಳಗೆ ಯಾರೋ ಒನಕೆ ಎತ್ತಿ ಹಾಕಿದಂತೆ ದಬ ದಬ ಸದ್ದು, ನಲ್ಲಿಯಿಂದ ಒಂದು ಕೆಮ್ಮು, ಅಷ್ಟೇ, ನಿಂತಿತು. ಬೆಚ್ಚಿಬಿದ್ದ ಅತ್ತೆ ತಟ್ಟನೆ ತಿರುಗಿ ನೋಡುತ್ತಿದ್ದರು. ಅವರು ತಿರುಗಿದ್ದರಿಂದ ನಿಂತಿತೋ, ನಿಂತದ್ದರಿಂದ ಅವರು ತಿರುಗಿದರೋ ಹೇಳುವವರಿಲ್ಲ. ಹೇಗೂ ಮನೆಯಲ್ಲಿ ಹೊಸ ಕಣ್ಣುಗಳೆಂದರೆ ನನ್ನವೇ.

ಹೀಗೆ ನನ್ನ ವಾಯುಸೇವನೆ ಆರಂಭವಾಯಿತು. ಮೊದಲು ತಿರುವಿನವರೆಗೆ ಹೋದರೆ ಸಾಕೆಂದುಕೊಂಡರು. ಆದರೂ ನೀರು ನಿಂತಿತು. ತಿರುವಿನಲ್ಲಿ ಅಳಿಯಂದಿರು ತಿರುಗಿ ನೋಡಿರಬೇಕೆಂದಾಯಿತು. "ಈಚೆಗೆ ಅಂಚೆ ಕಚೇರಿ ಕಡೆ ರಸ್ತೆ ಚೆನ್ನಾಗಿ ಮಾಡಿದ್ದಾರೆ" ಎಂದು ಮಾವ ಕಂಬಕ್ಕೆ ತಿಳಿಸಿದರು. ಅಲ್ಲಿಗೂ ಹೋದೆ. ಆಮೇಲೆ ಕೆರೆಯ ಏರಿಯ ಹಕ್ಕಿಗಳನ್ನು ಹೊಗಳಿದರು. ದೂರ ಹೆಚ್ಚಿದರೂ ಒಂದಿಷ್ಟೂ ಕುಂದದ ಯಾವ ಬಲವನ್ನೂ ನಾನು ಓದಿರಲಿಲ್ಲ, ಕಲಿಸಿರಲಿಲ್ಲ. ಆದರೂ ಕೆರೆ ಏರಿಯ ಮೇಲೆ ಕೂತು ನನ್ನನ್ನೇ ಅನುಮಾನಿಸಿಕೊಳ್ಳುತ್ತಿದ್ದೆ. ಯಾಕೆಂದರೆ ನನ್ನ ತಲೆಯೊಳಗೆ ಆ ನೀರು ಬೀಳುತ್ತಲೇ ಇತ್ತು. ದಾರ ಕಟ್ಟಿದ ಹಾಗೆ ಸಣ್ಣಗೆ, ಬೆಳಕು ಹಿಡಿದು, ಕೆಳಗೆ ಹೋಗುತ್ತ ಇನ್ನೂ ಸಪೂರವಾಗುತ್ತ ಬೀಳುವ ನೀರನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ಅದನ್ನು ಮನಸ್ಸಿನಲ್ಲಿ ಕಂಡರೂ ನಿಲ್ಲುತ್ತದೋ ಏನೋ, ಆ ಊರಿನ ವಿಷಯ ನನಗೇನು ಗೊತ್ತು?

"ರೀ, ನಿಜ ಹೇಳಿ, ಕದ್ದು ನೋಡಿದ್ರಾ?" ಎಂದು ಕುಮುದ ಒಂದು ದಿನ ಕೇಳಿದಳು.

"ನಾನು ಊರಾಚೆ ಇದ್ದೆ ಕಣೆ."

"ಊರಾಚೆ ಇದ್ದು ನೋಡಿದ್ರಾ ಅಂತ ಕೇಳ್ತಿರೋದು" ಎಂದು ನಕ್ಕಳು. ನಗು ಮುಗಿದ ಮೇಲೆ ಮುಖ ಸಪ್ಪಗಾಯಿತು. ಅವಳಿಗೆ ದಿನ ತುಂಬುತ್ತ ಬಂದಿತ್ತು.

ಮಾವ ನಲ್ಲಿ ಕೆಲಸದ ದಾದಾಪೀರನನ್ನು ಕರೆಸಿದರು. ಗೋಡೆಯಾಚೆಗೆ ನಲ್ಲಿ ಕೂರಿಸಿದವನೂ ಅವನೇ. ಅವನು ಪೈಪಿಗೆ ಕಿವಿ ಕೊಟ್ಟು, ಸ್ಪ್ಯಾನರಿನಿಂದ ಅಲ್ಲಲ್ಲಿ ತಟ್ಟಿ, ಕೊನೆಗೆ ಮೈ ಕೊಡವಿಕೊಂಡು ನಿಂತ. "ಸದ್ದಿಗೆ ಔಷಧಿ ಉಂಟು ಯಜಮಾನ್ರೇ, ಗೋಣಿ ಸುತ್ತಿ ಕ್ಲಾಂಪು ಹೊಡೀತೀನಿ. ನೀರು ನಿಲ್ಲೋದಕ್ಕೆ ನನ್ನ ಹತ್ರ ಏನಿಲ್ಲ. ಪೈಪಿಗೇನು ಕಣ್ಣಿದ್ಯಾ?" ಎಂದು ಹೇಳಿ, ಕಣ್ಣಿದ್ದ ನನ್ನ ಕಡೆ ಒಮ್ಮೆ ನೋಡಿದ. ಆ ಊರಿನ ನಲ್ಲಿ ಕೆಲಸದವರು ಸೋರುವುದನ್ನು ನಿಲ್ಲಿಸಬಲ್ಲರು. ನಿಂತದ್ದನ್ನು ಬರಿಸುವ ಕೆಲಸ ಅವರಿಗೆ ಯಾವತ್ತೂ ಬಿದ್ದಿರಲಿಲ್ಲ. ನೀರು ನಿಲ್ಲುವುದಕ್ಕೆ ಅಲ್ಲಿ ಇದ್ದದ್ದು ಒಂದೇ ಕಾರಣ. ಗೋಣಿ ಸುತ್ತಿದ ಮೇಲೆ ದಬ ದಬ ಹೋಗಿ ದುಬ್ ದುಬ್ ಎಂದಾಯಿತು.

ಒಂದು ಸಂಜೆ ಕಾಫಿಯ ಜೊತೆಗೆ ವಿಷಯ ಹೊರಬಿತ್ತು. "ಕಾಲೇಜಿನ ಹತ್ತಿರ ಒಂದು ರೂಮು ನೋಡಿದ್ದೀನಿ" ಎಂದರು ಮಾವ. "ಗಾಳಿ ಬೆಳಕು ಚೆನ್ನಾಗಿದೆ. ಅಳಿಯಂದ್ರಿಗೆ ಓದೋದಕ್ಕೆ ಬರೆಯೋದಕ್ಕೆ ಅನುಕೂಲ. ಬಾಣಂತನ ಮುಗಿಯೋವರೆಗೆ ಅಷ್ಟೆ."

ಕುಮುದ ಲೋಟ ಕೆಳಗಿಟ್ಟಳು. "ಮಗು ಹುಟ್ಟೋ ಹೊತ್ತಿಗೆ ಅವರು ರೂಮಲ್ಲಿ ಇರಬೇಕಾ ಅಪ್ಪ? ಅವರೇನು ನೆಂಟರಾ?"

"ಸುದ್ದಿ ಕಳಿಸ್ತೀವಲ್ಲ, ಬಂದು ನೋಡ್ಕೊಂಡು ಹೋಗ್ಲಿ."

"ನೋಡ್ಕೊಂಡು ಹೋಗೋದಕ್ಕೆ ಅದೇನು ಪ್ರದರ್ಶನನಾ?"

ಅತ್ತೆಗೆ ಸಿಟ್ಟಿಗಿಂತ ಅಳು ಹತ್ತಿರವಿತ್ತು. "ಯಾರೇ ಬೇಡ ಅಂದ್ರು ಅವರನ್ನ? ದೇವರಂಥ ಮನುಷ್ಯ. ಆದ್ರೆ ನಿನಗೆ, ಕೂಸಿಗೆ ಎಣ್ಣೆ ಹಚ್ಚಿ ಕೂರಿಸಿರ್ತೀನಿ, ನಡುವೆ ನೀರು ನಿಂತ್ರೆ ಏನ್ ಮಾಡ್ಲಿ? ಹಸಿ ಮೈ ಕಣೆ. ಶೀತ ಹಿಡಿದ್ರೆ ಯಾರು ಜವಾಬ್ದಾರಿ?"

ಅವರು ಹೇಳಿದ್ದು ಸರಿಯೇ ಆಗಿದ್ದರೆ ನಾನೇ ಎದ್ದು ಹೋಗಬೇಕಿತ್ತು. ಸರಿ ಎಂದೆ. ಕುಮುದ ಆ ರಾತ್ರಿ ಗೋಡೆಯ ಕಡೆಗೆ ತಿರುಗಿ ಮಲಗಿದಳು. ಆ ಊರಿನವಳ ಬೆನ್ನು ನನಗೆ ಇಷ್ಟವಾಗದ್ದು ಅದೇ ಮೊದಲ ಸಲ.

ಮಾರನೆಯ ದಿನ ಮಧ್ಯಾಹ್ನ ಅತ್ತೆ ಮಾವ ರೂಮು ಗುಡಿಸಿಡಲು ಹೋದರು. ಕುಮುದ ಮಲಗಿದ್ದಳು. ನಾನು ಪಡಸಾಲೆಯಲ್ಲಿ ಪುಸ್ತಕಗಳನ್ನು ಟ್ರಂಕಿಗೆ ಜೋಡಿಸುತ್ತಿದ್ದೆ. ಬಚ್ಚಲ ಬಾಗಿಲ ಬಳಿ ಮಣೆಯ ಮೇಲೆ ತಾಯಜ್ಜಿ ಕೂತಿದ್ದರು. ಅವರು ಮಾವನ ತಾಯಿ. ಎಳೆಯದರಲ್ಲೇ ಸಿಡುಬು ಎದ್ದು ಎರಡು ಕಣ್ಣೂ ಹೋಗಿದ್ದವು. ಆ ಊರಿನಲ್ಲಿ ಕಣ್ಣಿಲ್ಲದವರ ಮರ್ಯಾದೆಯೇ ಬೇರೆ. ನಲ್ಲಿಗೆ ಮುಖ ಕೊಟ್ಟು, ಧಾರೆಯ ಕೆಳಗೆ ಕೈಯೊಡ್ಡಿ, ಒಂದು ಹನಿ ಚೆಲ್ಲದಂತೆ ತುಂಬಬಲ್ಲವರು ಅವರು ಮಾತ್ರ. ಮದುವೆ ಮುಂಜಿಗಳಲ್ಲಿ ಹಂಡೆ ತುಂಬಿಸಲು ತಾಯಜ್ಜಿಯನ್ನು ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರಂತೆ.

"ಯಾರದು, ಅಳಿಯನಾ?" ಎಂದರು.

"ಹೂಂ ಅಜ್ಜಿ."

"ಹತ್ರ ಬಾ. ನೀನು ಓದಿದೋನು, ಒಂದು ಮಾತು ಕೇಳ್ತೀನಿ. ಹೋದ ಕಣ್ಣು ಈ ವಯಸ್ಸಲ್ಲಿ ಬರೋದುಂಟೇನಪ್ಪ?"

"ಏನಾದ್ರೂ ಕಾಣ್ತಾ ಇದೆಯಾ ಅಜ್ಜಿ?"

"ನನಗೇನೂ ಕಾಣ್ತಿಲ್ಲ. ಆದ್ರೆ ನೀರಿಗೆ ಗೊತ್ತಾಗಿಬಿಟ್ಟಿದೆ." ದನಿ ತಗ್ಗಿಸಿದರು. "ನನಗೂ ನಿಲ್ತದೆ ಕಣೋ. ಮಧ್ಯಾಹ್ನ ಇವರು ಮಲಗಿದಾಗ ಕೈ ತೊಳೆಯೋಕೆ ಬಿಟ್ಕೊಳ್ತೀನಿ, ನಿಂತುಹೋಗ್ತದೆ. ರೆಪ್ಪೆ ಬಿಗಿಯಾಗಿ ಮುಚ್ಕೊಂಡೆ, ನಿಂತಿತು. ಈ ಹಣೇಬರಕ್ಕೆ ನಿಮ್ಮ ಹಾಗೆ ಬೆನ್ನು ಮಾಡಿ ನಿಂತೆ. ಜನ್ಮದಲ್ಲಿ ಮೊದಲನೇ ಸಲ! ಆಗಲೂ ನಿಂತಿತು."

ನಾನು ಟ್ರಂಕಿನ ಮೇಲೆ ಕೂತೆ. ಕುರುಡು ಕಣ್ಣಿಗೂ ನಿಲ್ಲುವ ನೀರು ನನ್ನ ಕಣ್ಣಿಗೆ ನಿಂತದ್ದಲ್ಲ.

"ಯಾರಿಗೂ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಹೇಗೆ ಹೇಳ್ಲೋ? ಕುರುಡಿ ಅಂತ ಹೇಳ್ಕೊಂಡು ಊರೆಲ್ಲ ಹಂಡೆ ತುಂಬಿಸಿದ್ದೀನಿ. ಇವಳಿಗೆ ಕಣ್ಣಿತ್ತಂತೆ, ಇಷ್ಟು ವರ್ಷ ನಾಟಕ ಆಡಿದ್ಲಂತೆ ಅನ್ನಲ್ವಾ ಜನ? ನೀನೂ ಬಾಯಿ ಬಿಡಬೇಡ, ನನ್ನಾಣೆ."

ಆಣೆ ಹಾಕಿಬಿಟ್ಟರು. ಹೇಳಿದರೆ ನನ್ನ ಹೆಸರು ಉಳಿಯುತ್ತಿತ್ತು, ಅವರದು ಹೋಗುತ್ತಿತ್ತು. ಉಳಿದದ್ದು ಒಂದೇ ದಾರಿ, ನಾನೂ ಅಲ್ಲದ ಅಜ್ಜಿಯೂ ಅಲ್ಲದ ಇನ್ನೊಬ್ಬ ತಪ್ಪಿತಸ್ಥನನ್ನು ಹುಡುಕುವುದು.

"ನಿಲ್ಲೋ ಮುಂಚೆ ನಿಮಗೆ ಏನು ಕೇಳಿಸುತ್ತೆ ಅಜ್ಜಿ?"

"ನೆತ್ತಿ ಮೇಲೆ ಗೊರಗೊರ ಅನ್ನುತ್ತೆ. ಆಮೇಲೆ ಬಡಿಯುತ್ತೆ."

"ನೆತ್ತಿ ಮೇಲಾ? ಗೋಡೆ ಒಳಗಲ್ವಾ?"

"ಇವರಿಗೆಲ್ಲ ಕಣ್ಣಿದೆ, ಅದಕ್ಕೇ ಗೋಡೆ ಅಂತಾರೆ. ಬಾಗಿಲ ಮೇಲೆ ಕಣೋ."

ಎದ್ದು ಬಾಗಿಲ ಮೇಲೆ ನೋಡಿದೆ. ನಾನು ದಿನವೂ ಅದರ ಕೆಳಗೇ ತಲೆ ಬಗ್ಗಿಸಿ ಹೋಗಿಬರುತ್ತಿದ್ದೆ. ತಾರಸಿಯ ಟ್ಯಾಂಕಿನಿಂದ ಇಳಿದ ಪೈಪು ಗೋಡೆಯ ಬುಡದಲ್ಲಿ ಸಾಗಿ ಹೊಸ ಬಾಗಿಲ ಹತ್ತಿರ ಬಂದಿತ್ತು. ಬಾಗಿಲು ಅಡ್ಡ ಬಂದದ್ದರಿಂದ ಚೌಕಟ್ಟಿನ ಪಕ್ಕದಲ್ಲೇ ಮೇಲೇರಿ, ಅದರ ನೆತ್ತಿ ದಾಟಿ, ಆಚೆ ಇಳಿದು ಮೂಲೆಯ ನಲ್ಲಿ ಸೇರಿತ್ತು. ನೀರಿನ ಜೊತೆ ಬರುವ ಚೂರುಪಾರು ಗಾಳಿ ಆ ಗೂನಿನ ತುದಿಗೆ ಹೋಗಿ ಸೇರಿಕೊಳ್ಳುತ್ತದೆ. ಮುಂದಕ್ಕೆ ಹೋಗಲು ಅದು ಕೆಳಗಿಳಿಯಬೇಕು, ಗಾಳಿ ಕೆಳಗಿಳಿಯುವ ಜಾತಿಯಲ್ಲ. ಅಲ್ಲೇ ಕೂತು ದಪ್ಪವಾಗುತ್ತದೆ, ದಾರಿ ಕಟ್ಟುತ್ತದೆ. ಹಿಂದಿನ ನೀರು ಬಂದು ಗುದ್ದುತ್ತದೆ, ಸಡಿಲ ಪೈಪು ಚೌಕಟ್ಟಿಗೆ ಬಡಿಯುತ್ತದೆ. ನನ್ನ ಕಣ್ಣಿನಿಂದ ನೀರನ್ನು ಕಾಪಾಡಲು ಮಾಡಿದ ಏರ್ಪಾಡೇ ನೀರನ್ನು ನಿಲ್ಲಿಸುತ್ತಿತ್ತು.

ಪಕ್ಕದ ಬೀದಿಯಲ್ಲಿದ್ದ ದಾದಾಪೀರನನ್ನು ಹೋಗಿ ಕರೆತಂದೆ. ಅವನು ನನ್ನ ಮಾತನ್ನೆಲ್ಲ ಕೇಳಿ ತಲೆ ಕೆರೆದುಕೊಂಡ. "ನೀರಿನ ಪೈಪಲ್ಲಿ ಗಾಳಿನಾ ಮೇಷ್ಟ್ರೇ?"

"ಖಾಲಿ ಪೈಪಲ್ಲಿ ಏನಿರುತ್ತೆ ಹೇಳು."

"ಏನೂ ಇರಲ್ಲ."

"ಅದೇ ಗಾಳಿ."

ಅವನು ಪೈಪನ್ನು ಬೆರಳಿನಿಂದ ಒಮ್ಮೆ ತಟ್ಟಿದ. ಆಮೇಲೆ ಗಟ್ಟಿಯಾಗಿ ನಕ್ಕ. "ಆಗ್ಲಿ, ಮೇಲಿನ ಜಾಯಿಂಟು ಸಡಿಲ ಮಾಡೋಣ. ಗಾಳಿ ಬಂದ್ರೆ ನಿಮ್ಮ ಪುಣ್ಯ. ಬರದಿದ್ರೆ ಈ ಟ್ರಂಕನ್ನ ರೂಮಿಗೆ ನಾನೇ ಹೊತ್ಕೊಂಡು ಹೋಗ್ತೀನಿ."

ಅಷ್ಟರಲ್ಲಿ ಅತ್ತೆ ಮಾವ ಬಂದರು. ಕುಮುದ ಎದ್ದು ಬಂದಳು. ಮಾವನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ, ಆದರೆ ಅಳಿಯನಿಗೆ ಬೇಡ ಎನ್ನುವುದು ಅವರಿಗೆ ಬರುತ್ತಿರಲಿಲ್ಲ. ಎಲ್ಲರೂ ಸಾಲಾಗಿ ಹಿತ್ತಿಲ ಕಡೆ ಮುಖ ಮಾಡಿ ನಿಂತೆವು. ನನ್ನ ಮಟ್ಟಿಗೆ ನಾನು ಟವೆಲನ್ನು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡೆ. ಅಜ್ಜಿ ನಲ್ಲಿ ತಿರುಗಿಸಿದರು. ನೀರು ಕೊಡಕ್ಕೆ ಬಿತ್ತು, ಸ್ವರ ಏರಿತು, ಗೊರಗೊರ, ದುಬ್ ದುಬ್, ಒಂದು ಕೆಮ್ಮು. ನಿಂತಿತು. ಅತ್ತೆ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

"ಈಗ" ಎಂದೆ.

ಸ್ಟೂಲಿನ ಮೇಲೆ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ ದಾದಾಪೀರ ಕೈ ಹಿಂದಕ್ಕೆ ತಂದು, ತಡಕಿ, ಸ್ಪ್ಯಾನರು ತಿರುಗಿಸಿದ. ಸ್ಸ್ ಎಂದು ಶುರುವಾದ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ಅದು ಮುಗಿದು ಒಂದು ಚಿಮ್ಮು ನೀರು ಅವನ ಕತ್ತಿಗೆ ಬಡಿಯಿತು. "ಯಾ ಅಲ್ಲಾ, ತಣ್ಣಗಿದೆ!" ಎಂದು ಕೂಗುತ್ತ ಜಾಯಿಂಟು ಬಿಗಿ ಮಾಡಿದ. ಕೆಳಗೆ ನಲ್ಲಿ ಮತ್ತೆ ಧಾರೆ ಕಟ್ಟಿತು. ಕೊಡ ತುಂಬಿತು, ಅತ್ತೆ ಇನ್ನೊಂದು ಇಟ್ಟರು, ಅದೂ ತುಂಬಿತು.

ಒಂದು ಸಲ ಆದದ್ದನ್ನು ನಂಬಬಾರದೆಂದು ನಾನು ಮಕ್ಕಳಿಗೆ ಹೇಳುತ್ತೇನೆ. ಹಾಗೇ ಬಿಡಲು ಹೇಳಿದೆ. ಮತ್ತೆ ನಿಂತಿತು. ಮತ್ತೆ ಸಡಿಲಿಸಿದಾಗ ಮತ್ತೆ ಸ್ಸ್ ಎಂದಿತು, ಮತ್ತೆ ಬಂತು. ಈ ಸಲ ದಾದಾಪೀರ ಕುತ್ತಿಗೆ ತಪ್ಪಿಸಿಕೊಂಡಿದ್ದ, ಮಾವನ ಬೆನ್ನು ನೆನೆಯಿತು.

"ಹಾಗಾದ್ರೆ ಇಷ್ಟು ದಿನ..." ಎಂದರು ಅತ್ತೆ. ಕುಮುದ ನನ್ನ ಕಣ್ಣಿನ ಟವೆಲು ಬಿಚ್ಚಿದಳು. ಬಿಚ್ಚುವಾಗ ಕಿವಿಯನ್ನು ಸಣ್ಣಗೆ ಹಿಂಡಿದಳು.

"ಬರೀ ಗಾಳಿನೇನೋ ಅದು?" ಎಂದು ಅಜ್ಜಿ ಕೇಳಿದರು.

"ಗಾಳಿನೇ ಅಜ್ಜಿ. ಬೇರೆ ಯಾರದ್ದೂ ತಪ್ಪಿಲ್ಲ. ಯಾರದ್ದೂ."

ಅವರು ನನ್ನ ಕೈ ಹುಡುಕಿ ಹಿಡಿದುಕೊಂಡು, ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಅಬ್ಬ, ಸದ್ಯ! ಈ ವಯಸ್ಸಲ್ಲಿ ಕಣ್ಣು ಬಂದಿದ್ರೆ ಪಂಕಜ ಮಾಡೋ ಹುಳೀನ ನೋಡ್ಕೊಂಡು ತಿನ್ನಬೇಕಾಗಿತ್ತಲ್ಲಪ್ಪ!"

"ಏನಂದ್ರಿ ಅತ್ತೆ?" ಎಂದರು ನನ್ನ ಅತ್ತೆ.

"ಏನಿಲ್ಲಮ್ಮ, ಅಳಿಯನ ಹತ್ರ ಮಾತಾಡ್ತಿದ್ದೆ."

ದಾದಾಪೀರ ಸ್ಟೂಲಿನಿಂದಿಳಿದು ತಲೆ ಒರೆಸಿಕೊಂಡ. ಗೂನಿನ ತುದಿಗೆ ಒಂದು ಸಣ್ಣ ಪೈಪು ಕೂಡಿಸಿ ಟ್ಯಾಂಕಿಗಿಂತ ಎತ್ತರಕ್ಕೆ ಬಿಟ್ಟರೆ ಗಾಳಿ ಅದರಲ್ಲಿ ಹೋಗುತ್ತದೆಂದು ನಾನು ವಿವರಿಸಿದೆ. ಅವನು ತಲೆದೂಗಿದ. "ಅದೂ ಆಗುತ್ತೆ. ಇಲ್ಲ ಅಂದ್ರೆ ಗೋಡೆ ಬಾಗಿಲು ತೆಗೆದು, ಮೊದಲಿದ್ದ ಹಾಗೆ ನೇರ ಎಳೆದು ಬಯಲಿಗೇ ನಲ್ಲಿ ಇಡಬೇಕು. ಯಾವುದು ಮಾಡ್ಲಿ ಯಜಮಾನ್ರೇ?"

ಮಾವ ಒದ್ದೆ ಅಂಗಿಯಲ್ಲೇ ಗೋಡೆಯನ್ನು ನೋಡುತ್ತ ನಿಂತರು. ಅದಕ್ಕೆ ಸುಣ್ಣ ಹೊಡೆದವರೂ ಅವರೇ. ಗೋಡೆ ಹೋದರೆ ನಲ್ಲಿ ಪಡಸಾಲೆಯಲ್ಲಿ, ನಾನು ದಿನವೂ ಕೂತು ಓದುವ ಜಾಗದ ಎದುರಿಗೇ ಬರುತ್ತಿತ್ತು.

"ಗೋಡೆ ಒಡಿ" ಎಂದರು.

"ಅಳಿಯಂದ್ರಿಗೋಸ್ಕರ ಅಂತ ಕಟ್ಟಿಸಿದ್ರಲ್ಲ?"

"ಅಳಿಯಂದ್ರಿಗೋಸ್ಕರಾನೇ ಒಡಿ ಅಂದೆ" ಎಂದರು ಮಾವ, ಈ ಸಲ ಕಂಬಕ್ಕಲ್ಲ, ನನ್ನ ಮುಖ ನೋಡಿಯೇ. ಆಮೇಲೆ ಟ್ರಂಕಿನ ಒಂದು ಕಡೆಯ ಹಿಡಿ ಹಿಡಿದು, ಇನ್ನೊಂದು ಕಡೆ ಹಿಡಿಯಿರೆಂದು ಕಣ್ಣಿನಲ್ಲೇ ಸೂಚಿಸಿದರು. ಇಬ್ಬರೂ ಸೇರಿ ಅದನ್ನು ಕೋಣೆಗೆ ವಾಪಸು ಸಾಗಿಸಿದೆವು.

ಹೊಸ ಪೈಪು ನೇರ ಬಂದ ಮೇಲೆ ನೀರು ಸದ್ದಿಲ್ಲದೆ, ತಡೆಯಿಲ್ಲದೆ ಬರತೊಡಗಿತು. ಬೆಳಗಿನ ಗಾಳಿ ಎಷ್ಟು ಚೆನ್ನಾಗಿದ್ದರೂ ನನಗೆ ಯಾರೂ ತಿಳಿಸುತ್ತಿರಲಿಲ್ಲ. ಬೆನ್ನು ಮಾಡಿ ನಿಲ್ಲುವುದು ನಾನು ಅಂದುಕೊಂಡಷ್ಟು ಕಷ್ಟದ್ದಾಗಿರಲಿಲ್ಲ. ನಲ್ಲಿಗೆ ಬೆನ್ನು ಮಾಡಿದರೆ ಮನೆಯವರೆಲ್ಲ ಕಾಣುತ್ತಾರೆ. ಹುಳಿಗೆ ಒಗ್ಗರಣೆ ಹಾಕುವ ಅತ್ತೆ, ಕನ್ನಡಕ ಹುಡುಕುವ ಮಾವ, ಭಾರದ ಹೆಜ್ಜೆ ಇಡುತ್ತ ಬರುವ ಕುಮುದ. ನನ್ನೂರಿನಲ್ಲಿ ನಾನು ಇಷ್ಟು ವರ್ಷ ನೀರನ್ನಷ್ಟೇ ನೋಡಿದ್ದೆ.

ಮಗಳು ಹುಟ್ಟಿದಾಗ ನಾನು ಪಕ್ಕದ ಕೋಣೆಯಲ್ಲೇ ಇದ್ದೆ. ಅವಳ ಮೊದಲ ಎಣ್ಣೆ ನೀರಿನ ದಿನ ಅಜ್ಜಿ ಕಾಲು ನೀಡಿ ಕೂತು ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡಿದ್ದರು. ಅತ್ತೆ ಹದ ನೋಡಿ ನೀರು ಹೊಯ್ಯುತ್ತಿದ್ದರು, ಹಂಡೆಗೆ ನೀರು ಹೊರುವ ಕೆಲಸ ನನ್ನದಾಗಿತ್ತು. ಕೊಡ ಇಟ್ಟು, ನಲ್ಲಿ ತಿರುಗಿಸಿ, ಬೆನ್ನು ಮಾಡಿ ನಿಂತೆ. ಮೈಗೆ ಬಿಸಿನೀರು ತಾಗಿದ ಕೂಸು ಬಾಯಿ ಬಿಟ್ಟು ಅಳತೊಡಗಿತು. ಅಷ್ಟು ಚಿಕ್ಕ ಎದೆಯಿಂದ ಅಷ್ಟು ದೊಡ್ಡ ಸ್ವರ! ಅದು ಏರುತ್ತ ಏರುತ್ತ ಹೋಗಿ, ತುದಿಯಲ್ಲಿ ಒಂದು ಕ್ಷಣ ನಿಂತು, ಉಸಿರೆಳೆದುಕೊಂಡು ಮತ್ತೆ ಕೆಳಗಿನಿಂದ ಶುರುವಾಗುತ್ತಿತ್ತು. ನಾನು ಅದನ್ನೇ ಕೇಳುತ್ತ ನಿಂತುಬಿಟ್ಟೆ. ಪಾದಕ್ಕೆ ಏನೋ ತಣ್ಣಗೆ ತಾಗಿದರೂ ತಿಳಿಯಲಿಲ್ಲ.

"ಅಯ್ಯೋ, ಕೊಡ ತುಂಬಿ ಪಡಸಾಲೆಯೆಲ್ಲ ಹರೀತಾ ಇದೆ!" ಎಂದು ಅತ್ತೆ ಬೀದಿಗೆ ಕೇಳುವಂತೆ ಕೂಗಿದರು. "ಅಲ್ಲ, ಕಿವಿ ಎಲ್ಲಿಟ್ಟಿದ್ದೀರಿ ನೀವು? ಇಷ್ಟು ದೊಡ್ಡೋರಾಗಿ ಒಂದು ಕೊಡ ನೀರು ಹಿಡಿಯೋಕೆ ಬರಲ್ವಾ? ಈ ಮನೇಲಿ ಒಂದು ಕೆಲಸ ಹೇಳಿದ್ರೆ ನೆಟ್ಟಗೆ ಮಾಡೋರು ಯಾರೂ ಇಲ್ಲ!"

ಅವರು ನನ್ನನ್ನು ಬೈದದ್ದು ಅದೇ ಮೊದಲು. ನಾನು ತಿರುಗದೆಯೇ ಕೈ ಹಿಂದಕ್ಕೆ ಚಾಚಿ ನಲ್ಲಿ ನಿಲ್ಲಿಸಿದೆ, ಒದ್ದೆ ಪಂಚೆ ಎತ್ತಿ ಕಟ್ಟಿಕೊಂಡು ಕೊಡ ಹೊತ್ತುಕೊಂಡು ಒಳಗೆ ಹೋದೆ. ಅವರು ಇನ್ನೂ ಬೈಯುತ್ತಲೇ ಇದ್ದರು.